‘ಸಿಕ್ಲಿಂಗ್ ಪಾಸಿಟಿವ್’ ಅಂದರೆ ಕಾಯಿಲೆ ಅಂತಲ್ಲ

ಚೀಟಿಯಲ್ಲಿ ಇದ್ದದ್ದು ಒಂದೇ ಸಾಲು. ‘ಸಿಕ್ಲಿಂಗ್ ಟೆಸ್ಟ್: ಪಾಸಿಟಿವ್’. ಸಿಕಲ್ ಸೆಲ್, ಅಂದರೆ ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗುವ ಕಾಯಿಲೆಗೆ ಮಾಡುವ ಮೊದಲ ತಪಾಸಣೆ ಅದು. ಎಚ್.ಡಿ. ಕೋಟೆ ಕಡೆಯ ಒಂದು ಬುಡಕಟ್ಟು ಹಾಡಿಯ ತಾಯಿ ಅದನ್ನು ನಾಲ್ಕಾಗಿ ಮಡಚಿ ಸೆರಗಿನ ಗಂಟಲ್ಲಿ ಕಟ್ಟಿಕೊಂಡು ತಂದಿದ್ದರು. ಜೊತೆಗೆ ಹತ್ತೊಂಬತ್ತು ವರ್ಷದ ಮಗಳು. "ಅಮ್ಮಾ, ಮಗೀಗೆ ರಕ್ತದ ಕಾಯಿಲೆ ಅದಂತೆ. ಮದುವೆ ಮಾಡ್ಬೇಡಿ ಅಂದವ್ರೆ" ಎಂದರು. ಯಾವುದೋ ಶಿಬಿರದಲ್ಲಿ ರಕ್ತ ತೆಗೆದು, ಚೀಟಿ ಕೊಟ್ಟು ಕಳಿಸಿದ್ದರು. ಇನ್ನೊಂದು ಪರೀಕ್ಷೆ ಆಗಬೇಕು ಅಂತ ಯಾರೂ ಹೇಳಿರಲಿಲ್ಲ. ಮಾತುಕತೆ ಮುಗಿದಿದ್ದ ಮದುವೆ ನಿಂತುಹೋಗಿತ್ತು.

ಹುಡುಗಿ ಗಟ್ಟಿಮುಟ್ಟಾಗಿದ್ದಳು. ಹಿಮೋಗ್ಲೋಬಿನ್ 12. ಕೈಕಾಲು ನೋವಿಲ್ಲ, ಕಾಮಾಲೆ ಇಲ್ಲ, ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಿದವಳೂ ಅಲ್ಲ. ಎಚ್‌ಪಿಎಲ್‌ಸಿ ಯಂತ್ರದಲ್ಲಿ ಅವಳ ರಕ್ತ ನೋಡಿದೆವು. ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ ಅದು. ಎಸ್ ಅನ್ನುವ ಹಿಮೋಗ್ಲೋಬಿನ್ 36%. ಉಳಿದದ್ದು ಬಹುಪಾಲು ಎಲ್ಲರಲ್ಲೂ ಇರುವ ಎ. ಅಂದರೆ ಅವಳಿಗೆ ಕಾಯಿಲೆ ಇಲ್ಲ. ಅವಳು ಕ್ಯಾರಿಯರ್, ವಾಹಕಿ ಅಷ್ಟೇ. ಅಪ್ಪ ಅಥವಾ ಅಮ್ಮ, ಒಬ್ಬರಿಂದ ಮಾತ್ರ ಎಸ್ ಜೀನ್ ಬಂದವಳು.

ನಾನು ಪೆಥಾಲಜಿಸ್ಟ್. ಜನರ ಮುಖಕ್ಕಿಂತ ಅವರ ರಕ್ತವನ್ನು ಜಾಸ್ತಿ ನೋಡುವ ಕೆಲಸ. ಆ ಒಂದು ಸಾಲಿನ ಚೀಟಿ ನನ್ನನ್ನು ಬಹಳ ದಿನ ಕಾಡಿತು. ಯಾಕೆಂದರೆ ಸಿಕಲ್ ಸೆಲ್‌ನಷ್ಟು ಚೆನ್ನಾಗಿ ವಿಜ್ಞಾನಕ್ಕೆ ಗೊತ್ತಿರುವ ಜೀನ್ ಬದಲಾವಣೆ ಇನ್ನೊಂದು ಸಿಗುವುದು ಕಷ್ಟ. ಅಷ್ಟೆಲ್ಲ ಗೊತ್ತಿದ್ದೂ ಹಾಡಿಯ ಹುಡುಗಿಗೆ ಅರ್ಧ ಮಾತು ಹೇಳಿ ಕಳಿಸಿದ್ದೇವೆ.

ಪೂರ್ತಿ ಮಾತು ಏನು ಅಂತ ಹೇಳುತ್ತೇನೆ.

ನಮ್ಮ ಕೆಂಪು ರಕ್ತಕಣದೊಳಗೆ ಆಮ್ಲಜನಕ ಹೊರುವುದು ಹಿಮೋಗ್ಲೋಬಿನ್. ಅದರಲ್ಲಿ ನಾಲ್ಕು ಸರಗಳಿವೆ, ಎರಡು ಆಲ್ಫಾ, ಎರಡು ಬೀಟಾ. ಒಂದೊಂದು ಬೀಟಾ ಸರದಲ್ಲಿ 146 ಮಣಿ. ಮಣಿ ಅಂದರೆ ಅಮೈನೋ ಆಮ್ಲ. ಯಾವ ಮಣಿಯ ನಂತರ ಯಾವುದು ಅನ್ನುವುದನ್ನು 11ನೇ ಕ್ರೋಮೋಸೋಮಿನಲ್ಲಿರುವ ಒಂದು ಜೀನ್ ಹೇಳುತ್ತದೆ. ಡಿಎನ್ಎ ಅಕ್ಷರಗಳಲ್ಲಿ ಬರೆದಿರುವ ಆ ಜೀನಿನಲ್ಲಿ ‘ಜಿಎಜಿ’ ಅಂತ ಇರಬೇಕಾದ ಕಡೆ ‘ಜಿಟಿಜಿ’ ಆಗಿಬಿಟ್ಟರೆ ಆರನೇ ಮಣಿ ಬದಲಾಗುತ್ತದೆ. ಗ್ಲುಟಾಮಿಕ್ ಆಮ್ಲದ ಜಾಗಕ್ಕೆ ವ್ಯಾಲಿನ್ ಬಂದು ಕೂರುತ್ತದೆ. ಅದೇ ಎಸ್ ಹಿಮೋಗ್ಲೋಬಿನ್. ಆಗಿದ್ದು ಇಷ್ಟೇ. ಒಂದು ಅಕ್ಷರ, ಒಂದು ಮಣಿ.

ಗ್ಲುಟಾಮಿಕ್ ಆಮ್ಲ ನೀರಿನ ಜೊತೆ ಚೆನ್ನಾಗಿ ಹೊಂದುತ್ತದೆ. ವ್ಯಾಲಿನ್ ಎಣ್ಣೆಯ ಜಾತಿ, ನೀರಿನಿಂದ ದೂರ ಸರಿಯುತ್ತದೆ. ರಕ್ತಕಣ ತನ್ನ ಆಮ್ಲಜನಕವನ್ನು ಇಳಿಸಿದ ಕೂಡಲೇ ಹಿಮೋಗ್ಲೋಬಿನ್ನಿನ ಆಕಾರ ಸ್ವಲ್ಪ ಬದಲಾಗುತ್ತದೆ. ಆಗ ಈ ವ್ಯಾಲಿನ್ ಪಕ್ಕದ ಹಿಮೋಗ್ಲೋಬಿನ್ನಿನ ಒಂದು ಗುಳಿಯಲ್ಲಿ ಹೋಗಿ ಅಂಟುತ್ತದೆ. ಅದಕ್ಕೆ ಇನ್ನೊಂದು, ಅದಕ್ಕೆ ಮತ್ತೊಂದು. ನೋಡನೋಡುತ್ತ ಕಣದೊಳಗೆ ಉದ್ದುದ್ದ ಕಡ್ಡಿಗಳು ಬೆಳೆಯುತ್ತವೆ. ದುಂಡಗಿದ್ದ ಕಣ ಕುಡುಗೋಲಿನ ಹಾಗೆ ಬಾಗುತ್ತದೆ. ಶ್ವಾಸಕೋಶಕ್ಕೆ ವಾಪಸ್ ಹೋಗಿ ಆಮ್ಲಜನಕ ಸಿಕ್ಕರೆ ಮತ್ತೆ ದುಂಡಗಾಗುತ್ತದೆ. ಹೀಗೆ ಬಾಗಿ, ನೆಟ್ಟಗಾಗಿ, ಬಾಗಿ ಕೊನೆಗೆ ಬಾಗಿದ ಹಾಗೆಯೇ ನಿಂತುಬಿಡುತ್ತದೆ. ಸಾಮಾನ್ಯ ಕಣ 120 ದಿನ ಬದುಕಿದರೆ ಇದು 10ರಿಂದ 20 ದಿನ.

ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಎರಡೂ ಎಸ್ ಜೀನ್ ಬಂದವರಿಗೆ ಹೀಗೆ ದಿನದಿನವೂ ಆಗುತ್ತದೆ. ಒಂದೇ ಎಸ್ ಇದ್ದವರಲ್ಲಿ ಎ ಹಿಮೋಗ್ಲೋಬಿನ್ ಜಾಸ್ತಿ ಇರುತ್ತದೆ, ಕಡ್ಡಿ ಬೆಳೆಯಲು ಬಿಡುವುದಿಲ್ಲ. ಅವರು ಗದ್ದೆ ಕೆಲಸ ಮಾಡುತ್ತಾರೆ, ಹೆರುತ್ತಾರೆ, ಎಲ್ಲರಂತೆ ಮುದುಕರಾಗುತ್ತಾರೆ.

ಈ ಬಾಗಿದ ಕಣವನ್ನು ಮೊದಲು ಗುರುತಿಸಿ ಬರೆದವರು ಶಿಕಾಗೋದ ವೈದ್ಯ ಜೇಮ್ಸ್ ಹೆರಿಕ್, 1910ರಲ್ಲಿ. ಗ್ರೆನಡಾ ದ್ವೀಪದಿಂದ ಓದಲು ಬಂದಿದ್ದ ವಿದ್ಯಾರ್ಥಿಯೊಬ್ಬನ ರಕ್ತದಲ್ಲಿ ಅದು ಕಂಡಿತ್ತು. 1949ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ಲೈನಸ್ ಪೌಲಿಂಗ್ ಮತ್ತು ಅವರ ಜೊತೆಗಾರರು ಈ ರೋಗಿಗಳ ಹಿಮೋಗ್ಲೋಬಿನ್ ವಿದ್ಯುತ್ ಹರಿಸಿದಾಗ ಬೇರೆ ರೀತಿ ಚಲಿಸುತ್ತದೆ ಅಂತ ತೋರಿಸಿದರು. ವಾಹಕರಲ್ಲಿ ಎರಡೂ ಬಗೆ ಇರುವುದು ಅಲ್ಲೇ ಕಂಡಿತು. ಒಂದು ಅಣು ಕೆಟ್ಟರೆ ರೋಗ ಬರುತ್ತದೆ ಅನ್ನುವ ಮಾತಿಗೆ ಸಿಕ್ಕ ಮೊದಲ ಗಟ್ಟಿ ಸಾಕ್ಷಿ ಅದು.

ನನಗೆ ತುಂಬ ಇಷ್ಟವಾದದ್ದು ಅದರ ಮುಂದಿನ ಕೆಲಸ. 1956-57ರಲ್ಲಿ ಕೇಂಬ್ರಿಜ್‌ನ ವಿಜ್ಞಾನಿ ವರ್ನನ್ ಇನ್‌ಗ್ರಾಂ ಹಿಮೋಗ್ಲೋಬಿನ್ನನ್ನು ಕಿಣ್ವ ಹಾಕಿ ತುಂಡು ತುಂಡು ಮಾಡಿದರು. ಆ ತುಂಡುಗಳನ್ನು ಕಾಗದದ ಮೇಲೆ ಹರಡಿ ಬಣ್ಣ ಹಾಕಿದರು. ಚುಕ್ಕೆ ಚುಕ್ಕೆ ಮೂಡಿದವು. ಆರೋಗ್ಯವಂತರ ಕಾಗದ ಒಂದು, ರೋಗಿಯ ಕಾಗದ ಒಂದು. ಪಕ್ಕಪಕ್ಕ ಇಟ್ಟರೆ ಎಲ್ಲಾ ಚುಕ್ಕೆ ಒಂದೇ, ಒಂದು ಮಾತ್ರ ಜಾಗ ತಪ್ಪಿತ್ತು. ಆ ಚುಕ್ಕೆಯೊಳಗೆ ಇದ್ದದ್ದೇ ಆರನೇ ಮಣಿ. ಇವತ್ತು ಯಂತ್ರ ಕೆಲವೇ ನಿಮಿಷದಲ್ಲಿ ಗೆರೆ ಎಳೆದು ತೋರಿಸುವುದನ್ನು ಆಗ ಒಬ್ಬ ಮನುಷ್ಯ ಕಾಗದದ ಮೇಲೆ ಹುಡುಕಿ ತೆಗೆದಿದ್ದ.

ಈಗ ಒಂದು ಪ್ರಶ್ನೆ ಬರಬೇಕು, ಅಲ್ವಾ? ಎರಡು ಎಸ್ ಇರುವ ಮಕ್ಕಳು ಹಿಂದೆಲ್ಲ ಬೆಳೆಯುವ ಮೊದಲೇ ತೀರಿಕೊಳ್ಳುತ್ತಿದ್ದರು. ಹಾಗಿದ್ದರೆ ಈ ಜೀನ್ ತಲೆಮಾರಿನಿಂದ ತಲೆಮಾರಿಗೆ ಕರಗಿ ಹೋಗಬೇಕಿತ್ತು. ಆದರೆ ಪೂರ್ವ ಆಫ್ರಿಕಾದ ಕೆಲವು ಸಮುದಾಯಗಳಲ್ಲಿ ನೂರಕ್ಕೆ ಸುಮಾರು 40 ಜನ ವಾಹಕರಿದ್ದರು. ಕೆನ್ಯಾದಲ್ಲಿ ಬೆಳೆದ ಆಂಥನಿ ಆಲಿಸನ್ ಅನ್ನುವ ವೈದ್ಯ 1949ರಲ್ಲಿ ಅಲ್ಲೆಲ್ಲ ಸುತ್ತಿ ರಕ್ತ ಸಂಗ್ರಹಿಸಿದರು. ಸಮುದ್ರದ ದಂಡೆ ಮತ್ತು ವಿಕ್ಟೋರಿಯಾ ಸರೋವರದ ಸುತ್ತ ವಾಹಕರು ಜಾಸ್ತಿ. ಎತ್ತರದ ತಂಪು ಬೆಟ್ಟಗಳಲ್ಲಿ ಕಡಿಮೆ. ಸೊಳ್ಳೆ ಎಲ್ಲಿ ಜಾಸ್ತಿಯೋ, ಮಲೇರಿಯಾ ಎಲ್ಲಿ ಜಾಸ್ತಿಯೋ, ಅಲ್ಲೇ ಈ ಜೀನೂ ಜಾಸ್ತಿ. 1954ರಲ್ಲಿ ಅವರು ಇದನ್ನು ಪ್ರಕಟಿಸಿದರು. ಹುಟ್ಟುತ್ತಲೇ ಬರುವ ರಕ್ತದ ತೊಂದರೆಗೂ ಮಲೇರಿಯಾಕ್ಕೂ ನಂಟು ಇರಬಹುದು ಅಂತ ಥಲಸೇಮಿಯಾ ವಿಷಯದಲ್ಲಿ ಮೊದಲೇ ಊಹಿಸಿದ್ದವರು ಬ್ರಿಟಿಷ್ ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್. ಆಮೇಲೆ ಅವರು ಭಾರತಕ್ಕೆ ಬಂದು ಇಲ್ಲಿಯ ಪ್ರಜೆಯಾಗಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ಮಲೇರಿಯಾ ರೋಗಾಣು ಬೆಳೆಯುವುದು ಕೆಂಪು ರಕ್ತಕಣದೊಳಗೆ. ವಾಹಕರ ಕಣದೊಳಗೆ ಅದು ಹೊಕ್ಕರೆ ಆ ಕಣ ಬೇಗ ಬಾಗುತ್ತದೆ. ಬಾಗಿದ ಕಣವನ್ನು ಗುಲ್ಮ, ಅಂದರೆ ಹೊಟ್ಟೆಯ ಎಡಗಡೆ ಇದ್ದು ರಕ್ತ ಸೋಸುವ ಸ್ಪ್ಲೀನ್, ಹಿಡಿದು ಹಾಕುತ್ತದೆ, ಒಳಗಿನ ರೋಗಾಣುವಿನ ಸಮೇತ. ಆಮ್ಲಜನಕ ಕಡಿಮೆಯಾದ ಜಾಗದಲ್ಲಿ ರೋಗಾಣು ಸರಿಯಾಗಿ ಬೆಳೆಯುವುದೂ ಇಲ್ಲ. ಸೋಂಕಿದ ಕಣ ಮಿದುಳಿನ ರಕ್ತನಾಳಕ್ಕೆ ಅಂಟಿಕೊಳ್ಳುವ ಶಕ್ತಿಯೂ ಕುಗ್ಗುತ್ತದೆ. ಇದೆಲ್ಲ ಸೇರಿ, ವಾಹಕ ಮಕ್ಕಳಿಗೆ ಪ್ರಾಣಕ್ಕೆ ಕುತ್ತು ತರುವ ಮಲೇರಿಯಾ ಸುಮಾರು 90% ಕಡಿಮೆ. ಚಳಿಜ್ವರಕ್ಕೆ ಔಷಧಿಯೇ ಇಲ್ಲದ ಕಾಲದಲ್ಲಿ, ಕಾಡಿನ ಅಂಚಿನಲ್ಲಿ ಒಂದೊಂದು ಮನೆಯಲ್ಲೂ ಮಕ್ಕಳು ಹೋಗುತ್ತಿದ್ದಾಗ, ಈ ಒಂದು ಅಕ್ಷರ ಎಷ್ಟು ಜೀವ ಉಳಿಸಿರಬಹುದು ಅಂತ ಯೋಚಿಸಿ.

ನಮ್ಮ ದೇಶದಲ್ಲಿ ಇದು ಮೊದಲು ಕಂಡದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟು ಜನರಲ್ಲಿ. ನೀಲಗಿರಿಯ ಈಚೆಗೆ ಬಂದರೆ ನಮ್ಮ ಬಂಡೀಪುರ, ಚಾಮರಾಜನಗರ, ಎಚ್.ಡಿ. ಕೋಟೆ. ಹಾಗಂತ ಇದನ್ನು ‘ಕಾಡುಜನರ ಕಾಯಿಲೆ’ ಅನ್ನುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮಲೇರಿಯಾ ಇದ್ದ ಜಾಗದ ಗುರುತು ಇದು. ವಿದರ್ಭ, ಒಡಿಶಾ, ಛತ್ತೀಸಗಢದಲ್ಲಿ ಬುಡಕಟ್ಟಿನವರಲ್ಲದ ಎಷ್ಟೋ ಸಮುದಾಯಗಳಲ್ಲೂ ಇದೆ. ಹುಡುಗಿಗೂ ಹೀಗೇ ಹೇಳಿದೆ. "ನಿಮ್ಮ ಅಜ್ಜಿಯ ಅಜ್ಜಿ ಚಳಿಜ್ವರದಲ್ಲಿ ಉಳಿದುಕೊಂಡಿದ್ದು ಇದರಿಂದಲೇ ಇರಬಹುದು ಕಣವ್ವಾ" ಅಂದೆ. ಅವಳು ಮೊದಲ ಸಲ ತಲೆ ಎತ್ತಿ ನೋಡಿದಳು.

ಹೊರಡುವ ಮೊದಲು, ಮನೆಯಲ್ಲಿ ಬೇರೆ ಯಾರಿಗಾದರೂ ನೋವು, ಕಾಮಾಲೆ ಏನಾದರೂ ಇದೆಯಾ ಅಂತ ತಾಯಿಯನ್ನು ಕೇಳಿದೆ. "ಕೊನೇ ಮಗೀಗೆ ಆಗಾಗ ಕೈ ಊದ್ಕತದೆ, ರಾತ್ರಿಯೆಲ್ಲ ಅಳ್ತದೆ" ಎಂದರು. ನಾಲ್ಕು ವರ್ಷದ ಗಂಡುಮಗು. ವಾತ ಅಂತ ಒಂದು ಕಡೆ ಎಣ್ಣೆ ಕೊಟ್ಟಿದ್ದರು. ರಕ್ತ ಕಡಿಮೆ ಅಂತ ಇನ್ನೊಂದು ಕಡೆ ಐರನ್ ಟಾನಿಕ್ ಬರೆದಿದ್ದರು, ಒಂದೂವರೆ ವರ್ಷದಿಂದ. ಮುಂದಿನ ವಾರ ಕರೆತಂದರು. ಸ್ಲೈಡ್ ನೋಡಿದ ಕೂಡಲೇ ಗೊತ್ತಾಯಿತು, ಅಲ್ಲಲ್ಲಿ ಕುಡುಗೋಲು. ಆಮೇಲೆ ಯಂತ್ರವೂ ಅದನ್ನೇ ಹೇಳಿತು. ಎರಡು ಎಸ್. ಅಕ್ಕನ ಚೀಟಿಯಲ್ಲಿ ಬರೆದಿದ್ದ ‘ಪಾಸಿಟಿವ್’ ತಮ್ಮನ ಚೀಟಿಯಲ್ಲೂ ಹಾಗೆಯೇ ಬರುತ್ತಿತ್ತು, ಒಂದಕ್ಷರ ವ್ಯತ್ಯಾಸವಿಲ್ಲದೆ.

ಚೀಟಿಯಲ್ಲಿ ‘ಸಿಕ್ಲಿಂಗ್ ಟೆಸ್ಟ್’ ಅಂತ ಬರೆದಿದ್ದ, ಶಿಬಿರದಲ್ಲಿ ಮಾಡುವ ಸಾಲ್ಯುಬಿಲಿಟಿ ಟೆಸ್ಟ್ ಎಸ್ ಇದೆಯೋ ಇಲ್ಲವೋ ಅಂತಷ್ಟೇ ಹೇಳಬಲ್ಲದು. ರಕ್ತದ ಹನಿಯನ್ನು ಒಂದು ದ್ರಾವಣಕ್ಕೆ ಬಿಡುತ್ತಾರೆ. ಎಸ್ ಇದ್ದರೆ ಕದಡುತ್ತದೆ, ಹಿಂದೆ ಹಿಡಿದ ಕಾಗದದ ಗೆರೆ ಕಾಣುವುದಿಲ್ಲ. ಒಂದು ಎಸ್ ಇದ್ದರೂ ಕದಡುತ್ತದೆ, ಎರಡಿದ್ದರೂ ಕದಡುತ್ತದೆ. ಆರು ತಿಂಗಳೊಳಗಿನ ಕೂಸಿನಲ್ಲಿ, ತುಂಬಾ ರಕ್ತ ಕಡಿಮೆ ಇದ್ದವರಲ್ಲಿ ಎಸ್ ಇದ್ದೂ ಕದಡದೇ ಹೋಗಬಹುದು. ಈಚೆಗೆ ಬೇರೆಯವರ ರಕ್ತ ಹಾಕಿಸಿಕೊಂಡಿದ್ದರೂ ಫಲಿತಾಂಶ ಎಡವಟ್ಟಾಗುತ್ತದೆ. ಅಗ್ಗದ, ಒಳ್ಳೆಯ ಪರೀಕ್ಷೆ ಅದು. ಸಾವಿರಾರು ಜನರನ್ನು ನೋಡಲು ಬೇಕೇ ಬೇಕು. ಆದರೆ ಪಾಸಿಟಿವ್ ಬಂದವರಿಗೆಲ್ಲ ಎಚ್‌ಪಿಎಲ್‌ಸಿ ಅಥವಾ ಎಲೆಕ್ಟ್ರೊಫೊರೆಸಿಸ್ (ವಿದ್ಯುತ್ ಹರಿಸಿ ಹಿಮೋಗ್ಲೋಬಿನ್ ನೋಡುವ ಪರೀಕ್ಷೆ) ಆಗುವ ತನಕ ಆ ಪದವನ್ನು ಅವರ ಕೈಗೆ ಕೊಡಬಾರದು. 2023ರ ಜುಲೈ 1ರಂದು ಕೇಂದ್ರ ಸರ್ಕಾರ ಶುರುಮಾಡಿದ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಲ್ಲಿ 7 ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡಿದ್ದರು. ಕರ್ನಾಟಕವೂ ಅದರಲ್ಲಿ ಇದೆ. ಒಳ್ಳೆಯ ಕೆಲಸ. ಎಷ್ಟು ಜನರನ್ನು ಪರೀಕ್ಷೆ ಮಾಡಿದೆವು ಅನ್ನುವಷ್ಟೇ, ಎಷ್ಟು ಜನರಿಗೆ ಕೂರಿಸಿ ಅರ್ಥ ಮಾಡಿಸಿದೆವು ಅನ್ನುವುದನ್ನೂ ಎಣಿಸಬೇಕು ಅಂತ ನನ್ನ ಆಸೆ.

ತಮ್ಮನ ವಿಷಯಕ್ಕೆ ಬರುತ್ತೇನೆ. ಅವನಿಗೆ ಬೇಕಾದದ್ದು ಐರನ್ ಅಲ್ಲ. ಅವನ ಕಣಗಳು ಒಡೆದು ಕಬ್ಬಿಣ ದೇಹದಲ್ಲೇ ಉಳಿಯುತ್ತದೆ. ಪರೀಕ್ಷೆಯಲ್ಲಿ ಕೊರತೆ ಕಂಡರೆ ಮಾತ್ರ ಐರನ್. ಬೇಕಾದದ್ದು ಫೋಲಿಕ್ ಆಮ್ಲ, ಜಾಸ್ತಿ ನೀರು, ಚಳಿಯಿಂದ ರಕ್ಷಣೆ. ಅದಕ್ಕಿಂತ ದೊಡ್ಡದು ಪೆನಿಸಿಲಿನ್. ಇದು ಬಹಳ ಜನರಿಗೆ ಆಶ್ಚರ್ಯ ತರುತ್ತದೆ. ಜೀನಿನ ರೋಗಕ್ಕೆ ಆಂಟಿಬಯಾಟಿಕ್ ಯಾಕೆ? ಬಾಗಿದ ಕಣಗಳು ಸಿಕ್ಕಿಹಾಕಿಕೊಂಡು ಈ ಮಕ್ಕಳ ಗುಲ್ಮ ಚಿಕ್ಕ ವಯಸ್ಸಿಗೇ ಹಾಳಾಗುತ್ತದೆ. ಗುಲ್ಮ ಇಲ್ಲದಿದ್ದರೆ ನ್ಯುಮೋಕಾಕಸ್ ಅನ್ನುವ ಬ್ಯಾಕ್ಟೀರಿಯಾವನ್ನು ತಡೆಯುವವರಿಲ್ಲ. ಬೆಳಿಗ್ಗೆ ಜ್ವರ ಬಂದ ಮಗು ರಾತ್ರಿಯೊಳಗೆ ಹೋಗಬಹುದು. ದಿನವೂ ಪೆನಿಸಿಲಿನ್ ಕೊಟ್ಟರೆ ಈ ಸೋಂಕು 84% ಕಡಿಮೆಯಾಗುತ್ತದೆ ಅಂತ ಅಮೆರಿಕದ ಒಂದು ಅಧ್ಯಯನ 1986ರಲ್ಲೇ ತೋರಿಸಿತ್ತು. ನ್ಯುಮೋಕಾಕಲ್ ಲಸಿಕೆ ಈಗ ಸರ್ಕಾರಿ ಪಟ್ಟಿಯಲ್ಲೇ ಇದೆ. ಮಲೇರಿಯಾ ವಿಷಯದಲ್ಲೂ ಇವನು ಅಕ್ಕನ ಹಾಗಲ್ಲ. ಎರಡು ಎಸ್ ಇದ್ದವರಿಗೆ ಮಲೇರಿಯಾ ಬಂದರೆ ಪ್ರಾಣಕ್ಕೇ ಅಪಾಯ. ಸೊಳ್ಳೆ ಪರದೆ ಮೊದಲು ಬೇಕಾದದ್ದು ಇವನಿಗೆ.

ಅವನಿಗೆ ವೈದ್ಯರು ಹೈಡ್ರಾಕ್ಸಿಯೂರಿಯಾ ಅನ್ನುವ ಮಾತ್ರೆ ಶುರುಮಾಡಿದ್ದಾರೆ. ಅಮ್ಮನ ಹೊಟ್ಟೆಯಲ್ಲಿದ್ದಾಗ ಕೂಸಿಗೆ ಬೇರೆ ಹಿಮೋಗ್ಲೋಬಿನ್ ಇರುತ್ತದೆ, ಅದಕ್ಕೆ ಬೀಟಾ ಸರವೇ ಬೇಡ. ಹುಟ್ಟಿದ ಮೊದಲ ಕೆಲವು ತಿಂಗಳು ಈ ಮಕ್ಕಳು ಚೆನ್ನಾಗಿರುವುದು ಅದರಿಂದಲೇ. ಈ ಮಾತ್ರೆ ಆ ಹಳೆಯ ಹಿಮೋಗ್ಲೋಬಿನ್ನನ್ನು ಮತ್ತೆ ಹೆಚ್ಚಿಸುತ್ತದೆ. 2023ರ ಕೊನೆಯಲ್ಲಿ ಬ್ರಿಟನ್ನಿನಲ್ಲಿ, ಆಮೇಲೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಕ್ರಿಸ್ಪರ್ ಚಿಕಿತ್ಸೆಯೂ ಇದನ್ನೇ ಮಾಡುತ್ತದೆ, ಜೀನನ್ನೇ ತಿದ್ದಿ. ಒಪ್ಪಿಗೆ ಸಿಕ್ಕಾಗ ಅದಕ್ಕೆ ಅಮೆರಿಕದಲ್ಲಿ 22 ಲಕ್ಷ ಡಾಲರ್ ಬೆಲೆ ಇಟ್ಟಿದ್ದರು. ಹಾಡಿಯ ಮಗುವಿಗೆ ಇವತ್ತು ಸಿಗಬೇಕಾದದ್ದು ಮಾತ್ರೆ, ಪೆನಿಸಿಲಿನ್, ಲಸಿಕೆ. ಅದಂತೂ ತಪ್ಪದೇ ಸಿಗಬೇಕು.

ಅಪ್ಪ ಅಮ್ಮ ಇಬ್ಬರೂ ವಾಹಕರು. ಇಬ್ಬರಿಗೂ ಯಾವತ್ತೂ ಏನೂ ಆಗಿರಲಿಲ್ಲ. ಇಂಥ ಜೋಡಿಗೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ರೋಗದ ಸಂಭವ, ಎರಡು ಪಾಲು ವಾಹಕ, ಒಂದು ಪಾಲು ಏನೂ ಇಲ್ಲ. ಒಂದು ಮಗುವಿಗೆ ಬಂತು, ಇನ್ನು ಮೂವರಿಗೆ ಬರಲ್ಲ ಅಂತ ತಿಳಿಯುವವರಿದ್ದಾರೆ. ಹಾಗಲ್ಲ. ಪ್ರತಿ ಸಲವೂ ಲೆಕ್ಕ ಹೊಸದಾಗಿ ಶುರುವಾಗುತ್ತದೆ.

ಹುಡುಗಿಗೆ ಹೊಸ ವರದಿ ಕೊಟ್ಟಾಗ ಕೆಳಗೆ ಕನ್ನಡದಲ್ಲಿ ಕೈಯಿಂದಲೇ ಬರೆದೆ. ‘ಇವರಿಗೆ ರೋಗವಿಲ್ಲ, ವಾಹಕರು. ಮದುವೆಗೆ ಅಡ್ಡಿಯಿಲ್ಲ. ಹುಡುಗನ ರಕ್ತವನ್ನೂ ಒಮ್ಮೆ ಪರೀಕ್ಷೆ ಮಾಡಿಸಿ.’ ಹುಡುಗನಲ್ಲಿ ಎಸ್ ಜೀನ್ ಇಲ್ಲದಿದ್ದರೆ ಮಕ್ಕಳಲ್ಲಿ ಯಾರಿಗೂ ಎರಡು ಎಸ್ ಬರುವ ಹಾಗಿಲ್ಲ. ವಾಹಕನಾಗಿದ್ದರೂ ಬಸಿರಿನ ಮೊದಲ ತಿಂಗಳುಗಳಲ್ಲೇ ಮಗುವನ್ನು ಪರೀಕ್ಷಿಸಲು ದಾರಿಯಿದೆ, ಅವರಿಬ್ಬರೂ ಕೂತು ತೀರ್ಮಾನ ಮಾಡಬಹುದು. ಹುಡುಗನ ಮನೆಯವರು ಇನ್ನೂ ಬಂದಿಲ್ಲ. ಆಶಾ ಕಾರ್ಯಕರ್ತೆ ಎರಡು ಸಲ ಹೋಗಿ ಮಾತಾಡಿದ್ದಾರೆ, ಈ ಶನಿವಾರ ಬರುತ್ತೇವೆ ಅಂದಿದ್ದಾರಂತೆ. ಎರಡು ಮಿಲಿಲೀಟರ್ ರಕ್ತ ಸಾಕು. ಅದೇ ದಿನ ಸಂಜೆ ವರದಿ ಕೊಡುತ್ತೇವೆ.