ತಾಳ ತಪ್ಪಿದರೆ ಅಜ್ಟೆಕರು ಕೊಲ್ಲುತ್ತಿದ್ದರಂತೆ, ನಿಜವಾ?

ಪ್ರಶ್ನೆ: ಹಳೇ ಮೆಕ್ಸಿಕೊದ ಅಜ್ಟೆಕ್ ರಾಜರ ಮುಂದೆ ಹಾಡುವವರು, ಡೋಲು ಬಾರಿಸುವವರು ತಪ್ಪು ಮಾಡಿದರೆ ಸಾಯಿಸುತ್ತಿದ್ದರು ಅಂತ ಓದಿದೆ. ಇದು ನಿಜವಾ, ಯಾರೋ ಕಟ್ಟಿದ ಕತೆಯಾ?

ಕಟ್ಟುಕತೆ ಅಲ್ಲ. 16ನೇ ಶತಮಾನದಲ್ಲೇ ಬರೆದಿಟ್ಟ ಮಾತಿದು. ಸ್ಪೇನಿನ ಪಾದ್ರಿ ಬೆರ್ನಾರ್ಡಿನೊ ದೆ ಸಹಗುನ್ ಮೆಕ್ಸಿಕೊದ ಹಿರಿಯರನ್ನು ಕೇಳಿ ಕೇಳಿ, ಅವರ ನಾಹುವಾಟಲ್ ಭಾಷೆಯಲ್ಲೇ 12 ಭಾಗಗಳ ದೊಡ್ಡ ಗ್ರಂಥ ಬರೆಸಿದರು. ಅದಕ್ಕೆ ಈಗ ಫ್ಲಾರೆಂಟೈನ್ ಕೋಡೆಕ್ಸ್ ಅನ್ನುತ್ತಾರೆ. ಅದರ 8ನೇ ಭಾಗ ರಾಜರ ಬಗ್ಗೆ. ಡೋಲಿನ ಶ್ರುತಿ ಕೆಟ್ಟರೆ, ಹಾಡು ಎತ್ತಿಕೊಡುವವನು ತಪ್ಪಿದರೆ, ಕುಣಿತ ನಡೆಸುವವನು ಹೆಜ್ಜೆ ಕೆಡಿಸಿದರೆ ಅವನನ್ನು ಸೆರೆಗೆ ಹಾಕಲು ರಾಜ ಹೇಳುತ್ತಿದ್ದ, ಅವನು ಅಲ್ಲೇ ಸಾಯುತ್ತಿದ್ದ ಅಂತ ಅಲ್ಲಿದೆ.

ಆದರೆ ಇದು ರಾಜನ ಮುಂದಿನ ಹಾಡು-ಕುಣಿತದ ಮಾತು. ಸಂಜೆ ಹೊತ್ತಿಗೆ ಕುಯಿಕಕಲ್ಲಿಗೆ, ಅಂದರೆ 'ಹಾಡಿನ ಮನೆ'ಗೆ, ಹೋಗಿ ಹಾಡು-ಕುಣಿತ ಕಲಿಯುತ್ತಿದ್ದ ಹುಡುಗ ಹುಡುಗಿಯರಿಗೆ ಈ ಶಿಕ್ಷೆ ಇತ್ತು ಅಂತ ತಿಳಿಯಬೇಡಿ. ಅರಮನೆಯ ಕಲಾವಿದರಿಗೆ ಬೇರೆಯೇ ಜಾಗ ಇತ್ತು, ಮಿಶ್‌ಕೊವಾಕಲ್ಲಿ ಅಂತ. ರಾಜ ಇವತ್ತು ಯಾವ ಹಾಡು ಕೇಳುತ್ತಾನೋ ಅಂತ ಅವರು ಅಲ್ಲಿ ಕಾಯುತ್ತಾ ಕೂರುತ್ತಿದ್ದರು. ಡೋಲು, ಗಿಲಕಿ, ಕೊಳಲು, ಆಮೆ ಚಿಪ್ಪು ಎಲ್ಲ ಸಿದ್ಧವಾಗಿರಬೇಕಿತ್ತು. ಬೇರೆ ಬೇರೆ ಸೀಮೆಯ ಹಾಡಿಗೆ ಬೇರೆ ಬೇರೆ ವೇಷ ಕೂಡ.

ಶ್ರುತಿ ಕೆಡುವುದು ಅಂದೆನಲ್ಲ, ಅದು ಸುಮ್ನೆ ಬರೆದ ಮಾತಲ್ಲ. ಅವರ ಮುಖ್ಯ ಡೋಲುಗಳು ಎರಡು. ವೇವೇಟ್ಲ್ ನೆಟ್ಟಗೆ ನಿಲ್ಲುತ್ತದೆ. ಮರದ ದಿಮ್ಮಿಯನ್ನು ಪೂರ್ತಿ ಟೊಳ್ಳು ಮಾಡಿ, ಮೇಲೆ ಚರ್ಮ ಬಿಗಿದು, ಕೈಯಿಂದ ಬಾರಿಸುವುದು. ಚರ್ಮಕ್ಕೆ ತೇವ ತಗುಲಿದರೆ ನಾದ ಇಳಿಯುತ್ತದೆ. ಟೆಪೊನಾಸ್ಟ್ಲಿ ಹಾಗಲ್ಲ. ಅದು ಅಡ್ಡ ಮಲಗಿಸಿದ ದಿಮ್ಮಿ, ಚರ್ಮವೇ ಇಲ್ಲ. ಕೆಳಗಿನಿಂದ ಒಳಗನ್ನು ಟೊಳ್ಳು ಮಾಡಿ, ಬೆನ್ನ ಮೇಲೆ ಮರವನ್ನೇ ಸೀಳಿ ನಾಲಿಗೆಯಂಥ ಎರಡು ಪಟ್ಟಿ ಎದುರುಬದುರಾಗಿ ಕೊರೆಯುತ್ತಿದ್ದರು. ಒಂದು ನಾಲಿಗೆ ದಪ್ಪ, ಒಂದು ತೆಳು ಆದರೆ ಸಾಕು, ಸ್ವರ ಬೇರೆಯಾಗುತ್ತದೆ. ತುದಿಗೆ ರಬ್ಬರ್ ಸುತ್ತಿದ ಕೋಲಿನಿಂದ ಹೊಡೆದಾಗ ಆ ಎರಡೇ ಸ್ವರ ಬರುತ್ತವೆ. ಉಳಿ ಒಂದಿಷ್ಟು ಜಾಸ್ತಿ ಹೋದರೆ ಮರವನ್ನು ಮತ್ತೆ ಸೇರಿಸಲು ಆಗಲ್ಲ ಅಲ್ವಾ? ಇಂಥ ಡೋಲು ಮಾಡಿದವರ ಕೈ ನೆನೆದರೆ ನನಗೆ ತಲೆಬಾಗಬೇಕು ಅನ್ನಿಸುತ್ತದೆ.

ಇನ್ನು ಇಷ್ಟು ಕಟ್ಟುನಿಟ್ಟು ಯಾಕೆ? ಅವರಿಗೆ ಹಾಡು ದೇವರಿಗೆ ಸಲ್ಲಿಸುವ ಸೇವೆ. ಪೂಜೆಯಲ್ಲಿ ಲೋಪ ಆದಷ್ಟೇ ಗಂಭೀರ. ಮೆಂಡಿಯೆಟಾ ಎಂಬ ಇನ್ನೊಬ್ಬ ಪಾದ್ರಿ ಬರೆದಿಟ್ಟ ಕತೆಯ ಪ್ರಕಾರ, ಈ ಎರಡೂ ಡೋಲುಗಳು ಬಂದಿದ್ದೇ ಸೂರ್ಯನ ಮನೆಯಿಂದ. ಟೆಸ್ಕಟ್ಲಿಪೋಕ ದೇವರು ತನ್ನ ಭಕ್ತನನ್ನು ಸಮುದ್ರದಾಚೆಯ ಆ ಮನೆಗೆ, ಕಲಾವಿದರನ್ನು ಕರೆತರಲು ಕಳಿಸಿದ. ಅವನ ಹಾಡಿಗೆ ಯಾರೂ ಓಗೊಡಬಾರದು ಅಂತ ಸೂರ್ಯ ತನ್ನ ಕಲಾವಿದರನ್ನು ಎಚ್ಚರಿಸಿದ್ದ. ಆದರೂ ಹಾಡು ಇಂಪಾಗಿತ್ತು, ಕೆಲವರು ತಡೆಯಲಾರದೆ ಓಗೊಟ್ಟರು. ಓಗೊಟ್ಟವರು ಡೋಲುಗಳ ಸಮೇತ ಅವನ ಜೊತೆ ಭೂಮಿಗೆ ಬರಬೇಕಾಯಿತು.

ಅದೇ ಟೆಸ್ಕಟ್ಲಿಪೋಕ ದೇವರ ಹಬ್ಬ ಟೋಶ್ಕಟ್ಲ್. ಒಬ್ಬ ಯುವಕ ವರ್ಷವಿಡೀ ಆ ದೇವರ ರೂಪದಲ್ಲಿ ಬದುಕುತ್ತಿದ್ದ. ಅವನಿಗೆ ಚೆನ್ನಾಗಿ ಕೊಳಲೂದಲು ಕಲಿಸುತ್ತಿದ್ದರು. ಕೊನೆಯ ದಿನ ಗುಡಿಯ ಮೆಟ್ಟಿಲು ಹತ್ತುತ್ತಾ ತನ್ನ ಕೊಳಲುಗಳನ್ನು ತಾನೇ ಒಡೆದುಹಾಕುತ್ತಿದ್ದ. ಮೇಲೆ ಅವನನ್ನು ಬಲಿ ಕೊಡುತ್ತಿದ್ದರು.

1520ರಲ್ಲಿ ಇದೇ ಹಬ್ಬ ನಡೆಯುತ್ತಿದ್ದಾಗ ದಂಡೆತ್ತಿ ಬಂದಿದ್ದ ಸ್ಪೇನಿನ ಪೆದ್ರೊ ದೆ ಅಲ್ವರಾಡೊನ ಸೈನಿಕರು ಕುಣಿಯುತ್ತಿದ್ದವರ ಮೇಲೆ ಬಿದ್ದರು. ಅವರು ನೇರ ಡೋಲುಗಳ ಹತ್ತಿರ ಹೋಗಿ, ಬಾರಿಸುತ್ತಿದ್ದವನ ಎರಡೂ ಕೈ ಕಡಿದರು, ಆಮೇಲೆ ತಲೆ ಅಂತ ಅದೇ ಫ್ಲಾರೆಂಟೈನ್ ಕೋಡೆಕ್ಸ್‌ನ 12ನೇ ಭಾಗದಲ್ಲಿದೆ. ಇದನ್ನು ಓದುವಾಗ ನನಗೆ ಪ್ರತಿ ಸಲವೂ ಮುಂದಿನ ಸಾಲಿಗೆ ಹೋಗಲು ಕಷ್ಟವಾಗುತ್ತದೆ.

ಆ ಕಾಲದ ವೇವೇಟ್ಲ್ ಒಂದನ್ನು ಇವತ್ತೂ ನೋಡಬಹುದು. ಮಾಲಿನಾಲ್ಕೊ ಊರಿನದು, ಈಗ ಟೊಲುಕಾ ನಗರದ ಮ್ಯೂಸಿಯಂನಲ್ಲಿದೆ. ಅದರ ಮೈಮೇಲೆಲ್ಲ ಹದ್ದುಗಳು, ಜಾಗ್ವಾರ್‌ಗಳು. ಎಲ್ಲವೂ ಕುಣಿಯುತ್ತಿವೆ.