ಹಿಂದಿನ ಸಾಲಿನ ಬಿಸಿ

ಎರಡನೇ ಮಹಾಯುದ್ಧದ ಅಮೆರಿಕದ ಬಾಂಬರ್ ಬಿ-29. ಅದರಲ್ಲಿ ಎಕ್ಸ್‌ಬಿ-29 ಅಂದರೆ ಪ್ರಯೋಗದ ವಿಮಾನ. ವೈಬಿ-29 ಅಂದರೆ ಸೇನೆಯೇ ಹಾರಿಸಿ ಪರೀಕ್ಷಿಸುವ ವಿಮಾನ. ಮೊದಲಿನವು ಮೂರು, ಆಮೇಲಿನವು 14. ಬೋಯಿಂಗ್‌ನ ಈ ಬಾಂಬರ್ ಮಾತು ಬಂದರೆ ಎಲ್ಲರೂ ನೇರ ಅದು ಅಣುಬಾಂಬ್ ಹಾಕಿದ ಹಿರೋಶಿಮಾಗೆ ಹೋಗಿಬಿಡುತ್ತಾರೆ. ನನ್ನ ಕಣ್ಣು ಮಾತ್ರ ಈ 17 ವಿಮಾನಗಳ ಎಂಜಿನ್ ಮೇಲೆ.

ರೈಟ್ ಆರ್-3350 ಎಂಜಿನ್. 2,200 ಅಶ್ವಶಕ್ತಿ. 18 ಸಿಲಿಂಡರ್: ಒಂಬತ್ತು ಮುಂದೆ, ಒಂಬತ್ತು ಹಿಂದೆ. ತಂಪು ಮಾಡಲು ನೀರಿಲ್ಲ, ಎದುರಿನಿಂದ ನುಗ್ಗುವ ಗಾಳಿಯೇ ಗತಿ. ಮುಂದಿನ ಸಾಲಿಗೆ ತಣ್ಣನೆ ಗಾಳಿ ಸಿಗುತ್ತದೆ. ಹಿಂದಿನ ಸಾಲಿಗೆ? ಹಳ್ಳಿಮನೆಯ ಕೋಡೊಲೆ ನೋಡಿದ್ದೀರಲ್ವಾ? ಸೌದೆ ಇಡುವುದು ಮುಂದಿನ ಬಾಯಿಗೆ, ಬಿಸಿ ಹರಿದು ಹಿಂದಿನ ಪಾತ್ರೆಯೂ ಕಾಯುತ್ತದೆ. ಇಲ್ಲಿ ಹಿಂದಿನ ಬಾಯಿಗೂ ಬೇರೆ ಸೌದೆ ತುರುಕಿದಂತೆ. ಅಥವಾ ತುಂಬಿದ ಬಸ್ ನೆನೆಸಿಕೊಳ್ಳಿ. ಕಿಟಕಿ ಪಕ್ಕದವರಿಗೆ ಗಾಳಿ, ನಡುವೆ ನಿಂತವರಿಗೆ ಅವರ ಮೈಯ ಸೆಕೆ.

ಎಂಜಿನ್ ಸುತ್ತಲಿನ ಕವಚದ ಹಿಂಬದಿಯ ಮುಚ್ಚಳಗಳನ್ನು ಅಗಲ ತೆರೆದರೆ ಗಾಳಿ ಜಾಸ್ತಿ ಹರಿಯುತ್ತದೆ, ನಿಜ. ಆದರೆ ತೆರೆದ ಮುಚ್ಚಳವೇ ವಿಮಾನವನ್ನು ಹಿಂದಕ್ಕೆ ಎಳೆಯುತ್ತದೆ. ಆಗ ಎಂಜಿನ್ ಇನ್ನಷ್ಟು ದುಡಿಯಬೇಕು. ದುಡಿದಷ್ಟೂ ಬಿಸಿ. ಇದರ ಮೇಲೆ, ತೂಕ ಉಳಿಸಲು ಎಂಜಿನ್ನಿನ ಒಡಲಿಗೆ ಮೆಗ್ನೀಸಿಯಮ್ ಬಳಸಿದ್ದರು. ಒಮ್ಮೆ ಹೊತ್ತಿದರೆ ಕಣ್ಣು ಕುಕ್ಕುವಂತೆ ಉರಿಯುವ ಲೋಹ ಅದು. ನೀರು ಸುರಿದರೆ ಇನ್ನೂ ಭುಗಿಲೇಳುತ್ತದೆ.

1942ರ ಸೆಪ್ಟೆಂಬರ್ 21ರಂದು ಅಮೆರಿಕದ ಸಿಯಾಟಲ್‌ನಲ್ಲಿ ಬೋಯಿಂಗ್‌ನ ಪರೀಕ್ಷಾ ಪೈಲಟ್ ಎಡ್ಡಿ ಆಲನ್ ಮೊದಲ ಎಕ್ಸ್‌ಬಿ-29 ಹಾರಿಸಿದರು. ಎರಡನೆಯದು ಡಿಸೆಂಬರ್ 30ರ ಮೊದಲ ಹಾರಾಟದಲ್ಲೇ ಎಂಜಿನ್ ಬೆಂಕಿ ಕಂಡಿತು. 1943ರ ಫೆಬ್ರವರಿ 18ರಂದು ಅದೇ ವಿಮಾನಕ್ಕೆ ಮತ್ತೆ ಬೆಂಕಿ. ಈ ಸಲ ರೆಕ್ಕೆಗೂ ಹಬ್ಬಿತು. ರನ್‌ವೇ ತಲುಪುವ ಮೊದಲೇ ವಿಮಾನ ಒಂದು ಮಾಂಸದ ಕಾರ್ಖಾನೆಯ ಮೇಲೆ ಬಿತ್ತು. ಆಲನ್ ಸೇರಿ ಅದರಲ್ಲಿದ್ದ 11 ಮಂದಿಯೂ ಸತ್ತರು. ಕಾರ್ಖಾನೆಯಲ್ಲಿದ್ದ ಹಲವರೂ ಸತ್ತರು.

ಹೀಗೆ ಒಂದೇ ವಿಮಾನಕ್ಕೆ ಪದೇಪದೇ ಕಂಟಕ ಬಂದರೆ ನಮ್ಮಲ್ಲಿ 'ಗ್ರಹಚಾರ' ಅಂದು ಸುಮ್ನಾಗುವವರು ಇದ್ದಾರೆ. ನನಗೆ ಸಿಟ್ಟು ಬರುತ್ತದೆ. ಹಾಗೆ ಸುಮ್ಮನಾದರೆ ಮುಂದಿನ ವಿಮಾನವೂ ಸುಡುತ್ತದೆ. ಆಗಲೇ 1,600ಕ್ಕೂ ಹೆಚ್ಚು ಬಾಂಬರ್‌ಗಳಿಗೆ ಆರ್ಡರ್ ಆಗಿತ್ತು!

1943ರ ಜೂನ್ 26ರಂದು ಮೊದಲ ವೈಬಿ-29 ಹಾರಿತು. ಹಿಂದಿನ ಮೂರು ಎಲೆಯ ಪ್ರೊಪೆಲ್ಲರ್ ಬದಲು ಇದಕ್ಕೆ ನಾಲ್ಕೆಲೆ. ಬಿಸಿ ಮಾತ್ರ ಹೋಗಲಿಲ್ಲ. 1944ರಲ್ಲಿ ಈ ಬಾಂಬರ್‌ಗಳು ಬಂದಿಳಿದದ್ದು ನಮ್ಮ ಬಂಗಾಳದ ಖರಗ್‌ಪುರದ ಸುತ್ತ, ಅದೂ ಬೇಸಿಗೆಯಲ್ಲಿ. ಮುಂದಿನ ಸಾಲಿಗೆ ಸಿಗುತ್ತಿದ್ದ ಗಾಳಿಯೇ ಕುದಿಯುತ್ತಿತ್ತು. ಕೊನೆಗೆ ಗಾಳಿಯನ್ನು ಸಿಲಿಂಡರ್‌ಗಳ ನಡುವೆ ತಿರುಗಿಸುವ ತಗಡುಗಳನ್ನು ಬದಲಾಯಿಸಿದರು. ಹೊಗೆ ಹೊರಹಾಕುವ ವಾಲ್ವ್‌ಗಳಿಗೆ ಎಣ್ಣೆ ಹೆಚ್ಚಿಸಿದರು.