ಉಪ್ಪು ನೀರಿನಿಂದ ಬಯೋಗ್ಯಾಸ್: ಗೊಂದಲ ಶುರುವಾದದ್ದು ಎಲ್ಲಿ?

ಉಪ್ಪು ಜಾಸ್ತಿ ಇರುವ ತ್ಯಾಜ್ಯ ನೀರಿನಿಂದ ಬಯೋಗ್ಯಾಸ್ ತೆಗೆಯೋಕೆ ಆಗಲ್ಲ ಅಂತ ಒಬ್ಬರು ಹೇಳುತ್ತಾರೆ. ಇನ್ನೊಬ್ಬರು ಮೀನು ಸಂಸ್ಕರಣಾ ಘಟಕದ ನೀರಿನಿಂದಲೇ ತೆಗೆದು ತೋರಿಸುತ್ತಾರೆ. ಇಬ್ಬರ ಹತ್ತಿರವೂ ಅಂಕಿಗಳಿವೆ.

ಗಾಳಿಯಾಡದ ತೊಟ್ಟಿಯಲ್ಲಿ ಕೊಳಚೆ ಕೊಳೆಸಿ ಬಯೋಗ್ಯಾಸ್ ತೆಗೆಯುವ ಪದ್ಧತಿ 19ನೇ ಶತಮಾನದ್ದು. ಉಪ್ಪಿನ ಲೆಕ್ಕ ಬಂದದ್ದು ಬಹಳ ತಡವಾಗಿ. 1964ರಲ್ಲಿ ಅಮೆರಿಕದ ಪರಿಸರ ಎಂಜಿನಿಯರ್ ಪೆರಿ ಮೆಕಾರ್ಟಿ ಕೊಟ್ಟ ಮಿತಿ ಇವತ್ತಿಗೂ ಚಾಲ್ತಿಯಲ್ಲಿದೆ: ಲೀಟರಿಗೆ 3.5ರಿಂದ 5.5 ಗ್ರಾಂ ಸೋಡಿಯಂ (ಉಪ್ಪಿನಲ್ಲಿರುವ ಅಂಶ) ಇದ್ದರೆ ಗ್ಯಾಸ್ ತಯಾರಿಗೆ ಸಾಧಾರಣ ಅಡ್ಡಿ, 8 ಗ್ರಾಂ ಆದರೆ ಭಾರೀ ಅಡ್ಡಿ. 1988ರಲ್ಲಿ ನೆದರ್‌ಲ್ಯಾಂಡ್ಸ್‌ನ ಸಂಶೋಧಕರು ಯುಎಎಸ್‌ಬಿ ರಿಯಾಕ್ಟರಿನ (ಕೊಳಚೆ ಕೆಳಗಿನಿಂದ ಮೇಲಕ್ಕೆ ಹರಿಯುವ ಗಾಳಿಯಾಡದ ತೊಟ್ಟಿ) ಹರಳು ಹರಳಾದ ಸ್ಲಡ್ಜ್, ಅಂದರೆ ಸೂಕ್ಷ್ಮಜೀವಿಗಳು ತುಂಬಿದ ಕೆಸರು, ಪರೀಕ್ಷಿಸಿದರು. ಬಯೋಗ್ಯಾಸಿನಲ್ಲಿ ಉರಿಯುವ ಅನಿಲವಾದ ಮೀಥೇನ್ ಮಾಡುವ ಅದರ ಶಕ್ತಿ ಅರ್ಧಕ್ಕೆ ಇಳಿದದ್ದು ಲೀಟರಿಗೆ 10 ಗ್ರಾಂ ಸೋಡಿಯಂನಲ್ಲಿ. ಸಮುದ್ರದ ನೀರಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಸೋಡಿಯಂ ಇರುತ್ತದೆ.

ಆಗುವುದು ಇಷ್ಟು. ಉಪ್ಪು ದಿಢೀರನೆ ಏರಿದರೆ ಸೂಕ್ಷ್ಮಜೀವಿಗಳ ಒಳಗಿನ ನೀರು ಹೊರಗೆ ಹೋಗುತ್ತದೆ. ಆಮ್ಲ ಮಾಡುವ ಬ್ಯಾಕ್ಟೀರಿಯಾ ಹೇಗೋ ತಡೆದುಕೊಳ್ಳುತ್ತವೆ. ಆ ಆಮ್ಲ ತಿಂದು ಮೀಥೇನ್ ಬಿಡುವ ಜೀವಿಗಳು ಮೊದಲು ಸೊರಗುತ್ತವೆ. ಆಮ್ಲ ಶೇಖರವಾಗುತ್ತಾ ಹೋಗುತ್ತದೆ, ಗ್ಯಾಸ್ ಕಮ್ಮಿಯಾಗುತ್ತದೆ. ಆದರೂ ಆಮ್ಲವನ್ನು ಅಡಗಿಸುವ ಕ್ಷಾರ ನೀರಿನಲ್ಲಿ ಇರುವ ತನಕ ಪಿಎಚ್ ಮೀಟರ್ ಎಲ್ಲ ಸರಿಯಿದೆ ಅಂತಲೇ ತೋರಿಸುತ್ತದೆ. ಕ್ಷಾರ ಮುಗಿದ ಮೇಲೆ ಒಮ್ಮೆಲೇ ಕುಸಿತ. ಪಿಎಚ್ ಒಂದನ್ನೇ ನಂಬಿ ಕೂತರೆ ಕೆಟ್ಟೆವು, ಆಮ್ಲವನ್ನೇ ಅಳೆಯಬೇಕು. ಸಾಲದ್ದಕ್ಕೆ, ಹರಳುಗಳನ್ನು ಹಿಡಿದಿಟ್ಟ ಕ್ಯಾಲ್ಸಿಯಂ ಜಾಗಕ್ಕೆ ಸೋಡಿಯಂ ಬಂದು ಕೂರುತ್ತದೆ. ಹರಳು ಸಡಿಲಾಗಿ ನೀರಿನ ಜೊತೆ ಕೊಚ್ಚಿಹೋಗುತ್ತದೆ.

ಹಾಗಂತ ಜೀವಿಗಳು ಸುಮ್ನೆ ಸಾಯುವುದಿಲ್ಲ. ಪೊಟ್ಯಾಸಿಯಂ ಎಳೆದುಕೊಳ್ಳುತ್ತವೆ, ಬೀಟೈನ್‌ನಂಥ ವಸ್ತು ತುಂಬಿಕೊಂಡು ಒಳಗಿನ ನೀರು ಉಳಿಸಿಕೊಳ್ಳುತ್ತವೆ. ಮೊದಲಿಂದ ಉಪ್ಪು ನೀರಿನಲ್ಲೇ ಬೆಳೆದ ಸ್ಲಡ್ಜ್ ಹೆಚ್ಚು ಸೋಡಿಯಂ ತಾಳುತ್ತದೆ ಅಂತ 1990ರ ದಶಕದಲ್ಲಿ ಗೊತ್ತಾಯಿತು. ಅಂದರೆ ಹಳೆಯ ಅಂಕಿಗಳು ಸುಳ್ಳಲ್ಲ. ಯಾವ ಸ್ಲಡ್ಜ್, ಅದನ್ನು ಎಷ್ಟು ಕಾಲ ಒಗ್ಗಿಸಿದ್ದು ಅನ್ನುವ ವಿವರ ಬಿಟ್ಟು ಬರೀ ಅಂಕಿಯನ್ನು ಎತ್ತಿಕೊಂಡದ್ದೇ ಗೊಂದಲಕ್ಕೆ ಕಾರಣ. ಅಂಥ ಅಂಕಿ ನೋಡಿ ಯೋಜನೆ ಕೈಬಿಡುವುದು ನಷ್ಟವೇ ಅಲ್ವಾ?

ಉಪ್ಪಿನ ತಲೆಗೆ ಕಟ್ಟುವ ತಪ್ಪುಗಳಲ್ಲಿ ಕೆಲವು ಸಲ್ಫೇಟಿನದು. ಸಮುದ್ರದ ಪ್ರತಿ ಲೀಟರ್ ನೀರಿನಲ್ಲಿ ಅದು ಸುಮಾರು 2.7 ಗ್ರಾಂ ಇದೆ. ಸಲ್ಫೇಟ್ ಬಳಸುವ ಬ್ಯಾಕ್ಟೀರಿಯಾ ಮೀಥೇನ್ ಜೀವಿಗಳ ಆಹಾರ ಕಸಿಯುತ್ತವೆ, ವಿಷಕಾರಿ ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಹಾಂಗ್‌ಕಾಂಗ್‌ನಲ್ಲಿ 1950ರ ದಶಕದಿಂದಲೂ ಶೌಚಾಲಯಕ್ಕೆ ಸಮುದ್ರದ ನೀರು ಬಳಸುತ್ತಾರೆ. ಅಲ್ಲಿನ ಸಂಶೋಧಕರು ಮೀಥೇನಿನ ಆಸೆ ಬಿಟ್ಟು, ಇದೇ ಬ್ಯಾಕ್ಟೀರಿಯಾಗಳಿಂದ ಕೊಳಚೆ ಶುದ್ಧ ಮಾಡುವ 'ಸಾನಿ' ವಿಧಾನ ರೂಪಿಸಿದರು. ಅದರಲ್ಲಿ ಉಳಿಯುವ ಸ್ಲಡ್ಜ್ ಕೂಡ ತೀರಾ ಕಮ್ಮಿ.